ರಂಗೋಲಿ ತಿಂದ ಪ್ರೋಗ್ರಾಮು

ಇ-ಮೇಲಿನಲ್ಲಿ ಒಂದು ಪದವನ್ನು ಒತ್ತಿ ಹೇಳಬೇಕಾದಾಗ ಜನ ಅದರ ಎರಡೂ ಬದಿಗೆ ಒಂದೊಂದು ನಕ್ಷತ್ರ ಇಡುತ್ತಾರೆ. ಇದನ್ನು ಯಾರಿಗೂ ಯಾರೂ ಕಲಿಸಿದ್ದನ್ನು ನಾನು ಕಂಡಿಲ್ಲ. ಹೊಸ ಪ್ಯಾರಾ ಬೇಕಾದರೆ ಒಂದು ಸಾಲು ಖಾಲಿ ಬಿಡುತ್ತಾರೆ. ಓದುವ ಕಣ್ಣಿಗೆ ಅಷ್ಟು ಸಾಕು. ವೆಬ್ ಪುಟಕ್ಕೆ ಸಾಲದು. ಅದಕ್ಕೆ ಹೆಜ್ಜೆ ಹೆಜ್ಜೆಗೂ ಅಪ್ಪಣೆ ಬರೆದು ಕೊಡಬೇಕು. ಸಾದಾ ಬರಹವನ್ನು ಆ ಅಪ್ಪಣೆಗಳ ಭಾಷೆಗೆ ತಿರುಗಿಸುವ ಪುಟ್ಟ ಪ್ರೋಗ್ರಾಮೊಂದನ್ನು ನಾನು ಪರ್ಲ್ ಎಂಬ ಕಂಪ್ಯೂಟರ್ ಭಾಷೆಯಲ್ಲಿ ಬರೆದೆ. ಹುಬ್ಬಳ್ಳಿ, ಗದಗ, ಸೊಲ್ಲಾಪುರದಲ್ಲಿ ಹರಡಿಕೊಂಡ ನಮ್ಮ ಬಂಧುಬಳಗಕ್ಕೆ ಒಂದು ಪುಟ ಇರಲಿ ಎಂಬುದು ನೆಪ. ಈ ತೆಲುಗು ಊರಿನಲ್ಲಿ, ಮಲ್ಕಾಜ್‌ಗಿರಿಯ ಮನೆಯಲ್ಲಿ, ನನ್ನ ಭಾನುವಾರಗಳೆಲ್ಲ ಇದಕ್ಕೇ ಹೋದವು. ಹೆಂಡತಿ ಸುಮಾ ಇದನ್ನು ನನ್ನ ಎರಡನೇ ಸಂಸಾರ ಎನ್ನುತ್ತಿದ್ದಳು.

ಪುಟಕ್ಕೆ ಹೆಚ್ಚು ಬರೆಯುತ್ತಿದ್ದವರು ಇದೇ ಊರಿನ ತಾರ್ನಾಕದಲ್ಲಿರುವ ನನ್ನ ಅಣ್ಣನ ಹೆಂಡತಿ, ನಮ್ಮ ವೈನಿ. ಎಡಗೈಯ ಒಂದೇ ಬೆರಳಿನಿಂದ. ಹಿಂದಿನ ಚಳಿಗಾಲದ ಒಂದು ಬೆಳಿಗ್ಗೆ ನಾನು ಅವರ ಗೇಟು ತೆರೆದಾಗ ವೈನಿ ರಂಗೋಲಿ ಹಾಕುತ್ತಿದ್ದರು. ಬಿಳಿ ಎಳೆ ಒಂದು ಚುಕ್ಕಿಯನ್ನು ಬಳಸಿ ಮುಂದಿನ ಚುಕ್ಕಿಗೆ ಹೋಗಬೇಕಾಗಿತ್ತು, ಹೋಗಲಿಲ್ಲ. ನೇರವಾಗಿ ನನ್ನ ಕಡೆಗೆ ಬಂತು. ತಮಾಷೆ ಮಾಡುತ್ತಿದ್ದಾರೆ ಎಂದುಕೊಂಡೆ. ಆಮೇಲೆ ಪುಡಿ ಜಾರಿತು, ಆಮೇಲೆ ಅವರು ಕೂತುಬಿಟ್ಟರು. ಈ ಕ್ರಮ ನನ್ನಲ್ಲಿ ಇನ್ನೂ ಹಾಗೆಯೇ ಇದೆ. ಬೇರೆ ಯಾವ ಕ್ರಮದಲ್ಲೂ ನೆನೆಯಲು ಆಗುವುದಿಲ್ಲ. ಲಕ್ವ ಹೊಡೆದಿತ್ತು. ಕೆಲವು ತಿಂಗಳಲ್ಲಿ ಅವರ ಮಾತು ಮರಳಿತು. ಬಲಗೈ ಮರಳಲಿಲ್ಲ.

ಸಂಕ್ರಾಂತಿ ಹತ್ತಿರ ಬಂದಾಗ ಫೋನು ಮಾಡಿದರು. "ಶ್ರೀಪತಿ, ನನ್ನ ಬಾಗಲಾಗ ಈ ಸಲಾನೂ ನಂದ ರಂಗೋಲಿ ಆಗಬೇಕು ನೋಡು. ಬರದು ಕಳಿಸೀನಿ. ಪುಟಕ್ಕ ಹಾಕು. ಸುಮಾ ಅದನ್ನ ನೋಡಿ ಹಾಕ್ತಾಳ."

ಕಳಿಸಿದ ಕಡತದಲ್ಲಿ ಅಕ್ಷರವೇ ಇರಲಿಲ್ಲ. ಚುಕ್ಕಿಗಳು, ಓರೆಗೆರೆಗಳು, ನಡುನಡುವೆ ಹೂವಿನ ಬದಲು ನಕ್ಷತ್ರಗಳು, ಉಳಿದದ್ದೆಲ್ಲ ಖಾಲಿ. ನಾನು ಅದನ್ನು ಪ್ರೋಗ್ರಾಮಿನ ಬಾಯಿಗೆ ಕೊಟ್ಟೆ. ಅದು ತನಗೆ ಕಲಿಸಿದಂತೆ ಶ್ರದ್ಧೆಯಿಂದ ನಡೆದುಕೊಂಡಿತು: ನಕ್ಷತ್ರಗಳನ್ನು ನುಂಗಿ ನಡುವಿನದನ್ನು ದಪ್ಪ ಮಾಡಿತು, ಸಾಲುಗಳನ್ನು ಕೂಡಿಸಿತು, ಹತ್ತು ಖಾಲಿ ಇದ್ದಲ್ಲಿ ಒಂದನ್ನು ಉಳಿಸಿತು. ಪುಟ ನೋಡಿ ವೈನಿ ಮತ್ತೆ ಫೋನು ಮಾಡಿದರು.

"ಇದೇನಪಾ? ಇರುವಿ ಸಾಲು ಹೊಂಟಂಗ ಐತಿ. ನಿನ್ನ ಪ್ರೋಗ್ರಾಮು ಉಪಾಸ ಇತ್ತೇನು?"

"ವೈನಿ, ಖಾಲಿ ಜಾಗಾ ಅದಕ್ಕ ಲೆಕ್ಕಕ್ಕಿಲ್ರಿ."

"ನನಗೈತಿ. ನೆಲದ ಮ್ಯಾಲೆ ಖಾಲಿ ತಾನ ಉಳೀತಿತ್ತು. ಇಲ್ಲಿ ಒಂದೊಂದೂ ಬೆರಳಿಟ್ಟು ಒತ್ತೀನಿ."

ಪರಿಹಾರವನ್ನೂ ಅವರೇ ಹೇಳಿದರು. "ಮ್ಯಾಲೊಂದು, ಕೆಳಗೊಂದು ಉದ್ದ ಗೆರಿ ಎಳೀತೀನಿ. ಅದರೊಳಗ ನಿನ್ನ ಪ್ರೋಗ್ರಾಮು ಕಾಲಿಡಬಾರದು. ಮಂದಿ ರಂಗೋಲಿ ಬಳಸಿ ಹೋಗಂಗಿಲ್ಲೇನು? ಹಂಗ."

ಏನೂ ಮಾಡದಿರುವ ನಿಯಮ ಸುಲಭ ಎಂದು ತಿಳಿದಿದ್ದೆ. ಅಲ್ಲ. ನನ್ನ ಉಳಿದ ನಿಯಮಗಳೆಲ್ಲ ಉಪಕಾರ ಮಾಡಲು ತುದಿಗಾಲಲ್ಲಿ ನಿಂತಿರುವ ನೆಂಟರ ಹಾಗೆ. ಒಂದನ್ನು ತಡೆದರೆ ಇನ್ನೊಂದು ಒಳಗೆ ನುಗ್ಗುತ್ತಿತ್ತು. ಕೊನೆಗೆ ಈ ನಿಯಮವನ್ನು ಎಲ್ಲಕ್ಕಿಂತ ಮೊದಲು ನಿಲ್ಲಿಸಿದೆ: ಗೆರೆ ಕಂಡರೆ ಇನ್ನೊಂದು ಗೆರೆ ಬರುವವರೆಗೆ ಯಾವುದನ್ನೂ ಮುಟ್ಟಬೇಡ. ರಂಗೋಲಿ ಪರದೆಯ ಮೇಲೆ ಹೂವಿನ ಸಮೇತ ಅರಳಿತು.

ಹಬ್ಬದ ದಿನ ಸುಮಾ ಅದನ್ನು ತಾರ್ನಾಕದ ಬಾಗಿಲಲ್ಲಿ ಹಾಕಿದಳು. ವೈನಿ ಹೊಸ್ತಿಲ ಒಳಗೆ ಕುರ್ಚಿಯಲ್ಲಿ ಕೂತು, "ಅಲ್ಲಲ್ಲ, ಎಡಕ್ಕ, ಎಡಕ್ಕಂದ್ರ ನನ್ನ ಎಡಕ್ಕ" ಎಂದು ಅವಳ ಜೀವ ತಿಂದರು. ಎದುರುಮನೆಯ ತೆಲುಗು ಹೆಂಗಸು ಬಂದು ನಿಂತು ನೋಡಿದರು.

"ಮುಗ್ಗು ಚಾಲಾ ಬಾವುಂದಿ. ಎವರು ವೇಶಾರು?" ರಂಗೋಲಿ ತುಂಬಾ ಚೆನ್ನಾಗಿದೆ, ಯಾರು ಹಾಕಿದ್ದು ಎಂಬ ಪ್ರಶ್ನೆ.

ಸುಮಾಳ ಕೈತುಂಬ ಬಿಳಿ ಪುಡಿ. ವೈನಿಯ ಬಲಗೈ ಮಡಿಲಲ್ಲಿ. ಸುಮಾ ವೈನಿಯ ಕಡೆ ತಿರುಗಿದಳು.

"ನೇನೇ," ಎಂದರು ವೈನಿ. ನಾನೇ.

ಎದುರುಮನೆಯಾಕೆ ಇಬ್ಬರ ಕೈಗಳನ್ನೂ ನೋಡಿದರು. ಮತ್ತೇನೂ ಕೇಳದೆ, ಸೀರೆಯ ನೆರಿಗೆ ಎತ್ತಿ ಹಿಡಿದು, ಗೋಡೆಗೆ ಅಂಟಿಕೊಂಡು ರಂಗೋಲಿಯನ್ನು ಬಳಸಿ, ವೈನಿಗೆ ಎಳ್ಳು ಕೊಡಲು ಒಳಗೆ ಬಂದರು. ಪ್ರೋಗ್ರಾಮು ಸರಿಯಿದೆಯೇ ಎಂದು ತಿಳಿಯಲು ನಮ್ಮ ಆಫೀಸಿನಲ್ಲಿ ಬಗೆಬಗೆಯ ಪರೀಕ್ಷೆಗಳಿವೆ. ಅಂದು ನನಗೆ ಇದೊಂದೇ ಸಾಕಾಯಿತು.