ಮುಂಬಾಲದ ಕಾರು

ನನ್ನ ಕಾರಿಗೆ ಒಂದು ಬಾಲವಿದೆ. ಬಾಲವೆಂಬುದು ಹಿಂದಿರಬೇಕೆನ್ನುವುದು ಸೃಷ್ಟಿಯ ಸಾಮಾನ್ಯ ನಿಯಮವಾದರೂ ನನ್ನ ಕಾರಿನದು ಮುಂದಿದೆ: ಮುಖದ ಜಾಲರಿಯ ಎಡಮಗ್ಗುಲಿನಿಂದ ಗೇಣುದ್ದ ಹೊರಚಾಚಿ, ತುದಿಯಲ್ಲಿ ಮೂರು ಕಡ್ಡಿಗಳ ಪ್ಲಗ್ಗೊಂದನ್ನು ಹೊತ್ತು, ಯಾವುದೋ ಇಸ್ತ್ರಿಪೆಟ್ಟಿಗೆಯನ್ನು ನುಂಗಲು ಹೋಗಿ ಅರ್ಧದಲ್ಲಿ ಕೈಬಿಟ್ಟ ಪ್ರಾಣಿಯ ಬಾಯಿಂದ ತೂಗುವಂತೆ ತೂಗುವ ಕಪ್ಪು ತಂತಿ ಅದು. ದುಬೈಯ ಹೆದ್ದಾರಿಗಳಲ್ಲಿ ಇದಕ್ಕಿಂತ ವಿಚಿತ್ರವಾದ ವಾಹನಗಳು ಧಾರಾಳವಾಗಿವೆ. ಆದರೆ ಅವುಗಳ ಒಡೆಯರು ತಮ್ಮ ವೈಚಿತ್ರ್ಯಕ್ಕಾಗಿ ಹಣ ತೆತ್ತವರು. ನನ್ನದು ಉಚಿತವಾಗಿ ಬಂದದ್ದು, ಹಾಗಾಗಿಯೇ ಎಲ್ಲರಿಗೂ ಹಾಸ್ಯಾಸ್ಪದ.

ಈ ಕಾರು ಹುಟ್ಟಿದ್ದು ಕೆನಡಾದಲ್ಲಿ. ಅಲ್ಲಿ ಕೆಲಕಾಲ ದುಡಿದು, ಹಡಗಿನಲ್ಲಿ ಸಾಗರೋಲ್ಲಂಘನ ಮಾಡಿ, ಅಬುಧಾಬಿಯ ಮುಸಫ್ಫಾದ ಗ್ಯಾರೇಜೊಂದನ್ನು ಸೇರಿತ್ತು. ಗ್ಯಾರೇಜು ಇಸ್ಮಾಯಿಲನದು. ವಿಟ್ಲದ ಕಡೆಯ ಬ್ಯಾರಿ. ಇಪ್ಪತ್ತಾರು ವರ್ಷಗಳ ಹಿಂದೆ ದುಬೈಯ ಕರಾಮ ಬಡಾವಣೆಯ ಒಂದೇ ಕೋಣೆಯಲ್ಲಿ ಎಂಟು ಮಂದಿ ಮಲಗುತ್ತಿದ್ದ ಕಾಲದಲ್ಲಿ ಕೆಳಗಿನ ಮಂಚ ಅವನದು, ಮೇಲಿನದು ನನ್ನದು. ಅವನಿಗೆ ಬರುತ್ತಿದ್ದ ಇಂಗ್ಲಿಷ್ ಕಾಗದಗಳನ್ನೆಲ್ಲ, ವೀಸಾದಿಂದ ಹಿಡಿದು ವೈದ್ಯರ ಚೀಟಿಯವರೆಗೆ, ಓದಿ ಅರ್ಥ ಹೇಳುತ್ತಿದ್ದವನು ನಾನು. ನನ್ನ ಯಾವ ಯಂತ್ರ ಕೆಟ್ಟರೂ ಬಿಚ್ಚಿ ಜೋಡಿಸುತ್ತಿದ್ದವನು ಅವನು. ಐದು ವರ್ಷಗಳ ಹಿಂದೆ ಈ ಕಾರನ್ನು ನನ್ನ ಕೈಗೊಪ್ಪಿಸಿದಾಗ ತಂತಿಯ ಮರ್ಮವನ್ನು ಅವನೇ ಬೋಧಿಸಿದ್ದ.

"ಅಲ್ಲಿಯ ಚಳಿ ಅಂದ್ರೆ ಎಂತ ಚಳಿ ಅಂತ ಮಾಡಿದ್ದೀರಿ ರಾಯರೇ? ಎಂಜಿನ್ ಆಯಿಲ್ ಹಲ್ವದ ಹಾಗೆ ಗಟ್ಟಿಯಾಗ್ತದೆ. ಎಂಜಿನ್ನಿನ ಹೊಟ್ಟೆಯೊಳಗೆ ಒಂದು ಹೀಟರ್ ಉಂಟು. ರಾತ್ರಿ ಈ ಪ್ಲಗ್ಗನ್ನು ಗೋಡೆಗೆ ಚುಚ್ಚಿ ಮಲಗದಿದ್ರೆ ಬೆಳಿಗ್ಗೆ ಗಾಡಿ ಖಲಾಸ್. ಇಲ್ಲಿ ಇದೆಂತಕ್ಕೆ, ಕತ್ತರಿಸಿ ಬಿಡುವಾ?"

ನಾನು ಬೇಡವೆಂದೆ. ಕಾರಿನ ಕೈಪಿಡಿಯಲ್ಲಿ ಆ ಸಾಧನಕ್ಕೆ ಒಂದಿಡೀ ಪುಟವಿತ್ತು. ಪುಟವಿದ್ದು ವಸ್ತುವಿಲ್ಲದಿರುವುದು ನನ್ನ ಸ್ವಭಾವಕ್ಕೆ ಒಗ್ಗದು. ಅವನು ನಕ್ಕು, ಜಾಲರಿಯ ಹಿಂದೊಂದು ಕ್ಲಿಪ್ ಹಾಕಿ, ಬಾಲವನ್ನು ಮಡಚಿ ಸಿಕ್ಕಿಸಿ ಎಚ್ಚರಿಸಿದ: "ಹಾಗಾದ್ರೆ ಒಂದು ನೆನಪಿಡಿ. ಅಲ್ಲಿಯ ಕರೆಂಟು ನೂರಹತ್ತು, ನಮ್ಮದು ಅದರ ಡಬ್ಬಲ್. ಇಲ್ಲಿ ಚುಚ್ಚಿದ್ರೆ ಹೀಟರ್ ಆ ನಿಮಿಷಕ್ಕೇ ಸುಟ್ಟು ಹೋಗ್ತದೆ."

ಓದುಗ ಮಹಾಶಯರು ಒಮ್ಮೆ ಆ ಶೀತಲ ನಗರವನ್ನು ಕಲ್ಪಿಸಿಕೊಳ್ಳಬೇಕು. ಸಂಜೆಯಾಗುತ್ತಲೇ ಗೃಹಸ್ಥರು ಹೊರಬಂದು, ಗೂಟಕ್ಕೆ ಎಮ್ಮೆ ಕಟ್ಟುವ ಶ್ರದ್ಧೆಯಿಂದ ತಂತಮ್ಮ ಕಾರುಗಳನ್ನು ಗೋಡೆಗೆ ಕಟ್ಟಿಹೋಗುತ್ತಾರೆ. ಓಡದ, ಉಪಯೋಗಕ್ಕಿಲ್ಲದ, ಕತ್ತಲಲ್ಲಿ ಸುಮ್ಮನೆ ನಿಂತಿರುವ ಎಂಜಿನ್ನಿಗೆ ರಾತ್ರಿಯಿಡೀ ಬೆಚ್ಚನೆಯ ಉಪಚಾರ ಸಲ್ಲುತ್ತದೆ. ಇತ್ತ ನಮ್ಮ ಹೇಮಂತವೆಂದರೆ ನನ್ನ ಶ್ರೀಮತಿ ಹದಿನೆಂಟು ಡಿಗ್ರಿಗೆ ಮೈಸೂರಿನ ಶಾಲನ್ನು ಹೊರತೆಗೆದು, ಬಾಲ್ಕನಿಯಲ್ಲಿ ಚಹಾ ಹಿಡಿದು, "ಈ ಸಲ ಚಳಿ ಜಾಸ್ತಿ ಅಲ್ವೇನ್ರೀ" ಎನ್ನುವ ಮೂರು ವಾರಗಳು ಮಾತ್ರ.

ಬಾಲದಿಂದ ನನಗೊದಗಿದ ಅವಮಾನಗಳ ಪಟ್ಟಿ ನನ್ನಲ್ಲಿದೆ. ಇದು ಅಲಂಕಾರದ ಮಾತಲ್ಲ. ಪಟ್ಟಿ ನಿಜವಾಗಿಯೂ ಇದೆ. ಮೂವತ್ತೊಂದು ವರ್ಷ ಎಂಜಿನಿಯರಿಂಗ್ ಕಚೇರಿಯೊಂದರ ದಾಖಲೆ ವಿಭಾಗದಲ್ಲಿದ್ದು, ಬಂದ ಪ್ರತಿಯೊಂದು ಕಾಗದಕ್ಕೂ 'ಸ್ವೀಕರಿಸಲಾಗಿದೆ' ಎಂಬ ಮುದ್ರೆಯೊತ್ತಿ, ದಿನಾಂಕ ಬರೆದು, ಸಂಬಂಧಪಟ್ಟ ಕಡತಕ್ಕೆ ಸೇರಿಸಿದವನು ನಾನು. ಕಾಗದದೊಳಗೇನಿದೆಯೆಂದು ಓದುವುದು ನನ್ನ ಕರ್ತವ್ಯವಾಗಿರಲಿಲ್ಲ. ಬಂದದ್ದು ತಪ್ಪಿಹೋಗದಂತೆ ನೋಡುವುದಷ್ಟೇ ಕರ್ತವ್ಯ. ಅದೇ ಶಿಸ್ತಿನಿಂದ ಒಂದು ನೀಲಿ ರಟ್ಟಿನ ಪುಸ್ತಕದಲ್ಲಿ ನನಗೆ ಸಂದ ತಿರಸ್ಕಾರಗಳನ್ನು ಕ್ರಮಾಂಕ ಸಹಿತ ದಾಖಲಿಸುತ್ತ ಬಂದಿದ್ದೇನೆ. ಶ್ರೀಮತಿ ಅದನ್ನು 'ನಿಮ್ಮ ಪಾರಾಯಣದ ಪುಸ್ತಕ' ಎನ್ನುತ್ತಾಳೆ. ಆ ಮಾತೂ ಅದರಲ್ಲಿ ದಾಖಲಾಗಿದೆ.

ಸಿಲಿಕಾನ್ ಓಯಸಿಸ್‌ನ ನಮ್ಮ ಕಟ್ಟಡದ ಮೇಲ್ವಿಚಾರಕ ಈ ಪುಸ್ತಕದ ಪ್ರಮುಖ ಪಾತ್ರಧಾರಿಗಳಲ್ಲೊಬ್ಬ. ಕಾರು ಬಂದ ತಿಂಗಳೊಳಗೇ ಅವನು ನೆಲಮಾಳಿಗೆಯಲ್ಲಿ ಜಾಲರಿಯ ಸಂದಿನಿಂದ ಬಾಲವನ್ನು ಕಂಡು, ನಾನು ವಿದ್ಯುತ್ ಕಾರಿನವನೆಂದೂ ಕಂಬದ ಮೇಲಿನ ಸಾಕೆಟ್ಟಿನಿಂದ ಕಳ್ಳತನದಲ್ಲಿ ಚಾರ್ಜ್ ಮಾಡುತ್ತಿರುವೆನೆಂದೂ ತೀರ್ಮಾನಿಸಿ ಎಚ್ಚರಿಕೆಯ ನೋಟೀಸು ಕೊಟ್ಟ. ಅದರ ಕೆಳಗೆ 'ನಿವಾಸಿಯ ಹೇಳಿಕೆ' ಎಂದು ನಾಲ್ಕು ಸಾಲು ಖಾಲಿಯಿತ್ತು. ನಾನು ನಾಲ್ಕು ಪುಟ ಬರೆದು, ಪೆಟ್ರೋಲ್ ತುಂಬುವ ಬಾಯಿಯ ಛಾಯಾಚಿತ್ರವನ್ನೂ ಕೈಪಿಡಿಯ ಪುಟದ ಪ್ರತಿಯನ್ನೂ ಲಗತ್ತಿಸಿದೆ. ಅವನು ಲಗತ್ತುಗಳನ್ನು ತೂಗಿ ನೋಡಿದನೇ ಹೊರತು ಓದಲಿಲ್ಲ. "ಸಾಬ್, ಪೆಟ್ರೋಲ್ ಗಾಡಿಗೆ ಪ್ಲಗ್ ಯಾಕೆ? ನನ್ನನ್ನು ಬುದ್ದೂ ಅಂದುಕೊಂಡಿರಾ?" ಎಂದು ಹಿಂದಿಯಲ್ಲಿ ಕೇಳಿದ. ಅಂಥ ನೋಟೀಸುಗಳು ಒಟ್ಟು ಮೂರು ಬಂದಿವೆ. ಮೂರಕ್ಕೂ ನನ್ನ ಖಂಡನೆಗಳಿವೆ.

ಆದರೆ ಪಟ್ಟಿಯಲ್ಲಿ ಕೆಂಪು ಶಾಯಿಯಿಂದ ಬರೆದದ್ದು ಒಂದೇ. ಕಾರು ಬಂದ ಮರುವರ್ಷದ ರಂಜಾನಿನಲ್ಲಿ ಇಸ್ಮಾಯಿಲ್ ತನ್ನ ಗ್ಯಾರೇಜಿನಲ್ಲೇ ಚಾಪೆ ಹಾಸಿ ಇಫ್ತಾರಿಗೆ ನಲವತ್ತು ಮಂದಿಯನ್ನು ಕರೆದಿದ್ದ. ನಾನು ಇಸ್ತ್ರಿ ಮಾಡಿದ ಅಂಗಿ ತೊಟ್ಟು, ನೂರಿಪ್ಪತ್ತು ಕಿಲೋಮೀಟರು ದೂರ ಕಾರು ಓಡಿಸಿಕೊಂಡು ಹೋದೆ. ಅವನು ನನ್ನ ಹೆಗಲ ಮೇಲೆ ಕೈಯಿಟ್ಟು ಎಲ್ಲರಿಗೂ ಸಾರಿದ: "ಇವರು ನಮ್ಮ ಬಾಲದ ರಾಯರು! ಇಡೀ ಎಮಿರೇಟ್ಸಿನಲ್ಲಿ ಬಾಲ ಮುಂದೆ ಇರುವ ಗಾಡಿ ಇವರದ್ದು ಮಾತ್ರ. ಕತ್ತರಿಸ್ಲಿಕ್ಕೆ ಬಿಡುವುದಿಲ್ಲ ಮಾರಾಯ್ರೆ, ದುಬೈಯಲ್ಲಿ ಹಿಮ ಬಿದ್ರೆ ಅಂತ!"

ನಲವತ್ತು ಮಂದಿ ನಕ್ಕರು. ಮಸೀದಿಯ ಬಾಂಗಿನ ಧ್ವನಿ ಕೇಳಿ ಎಲ್ಲರ ಕೈಗಳು ಖರ್ಜೂರದ ಕಡೆ ಚಾಚುವಾಗ ನಾನು ಎದ್ದು ಬಂದೆ. ಅವನು ಹಿಂದಿನಿಂದ "ರಾಯರೇ, ಸಮೋಸ ಬಿಸಿ ಉಂಟು" ಎಂದು ಕೂಗಿದ್ದನ್ನೂ ಅಪಮಾನದ ಉಪಾಂಗವೆಂದೇ ಬರೆದುಕೊಂಡೆ.

ಅನಂತರ ನಾನು ಮುಸಫ್ಫಾದ ಕಡೆ ತಲೆಹಾಕಲಿಲ್ಲ. ಅವನ ಕರೆಗಳಿಗೆ ಓಗೊಡಲಿಲ್ಲ. ಆ ವರ್ಷದ ಡಿಸೆಂಬರಿನಲ್ಲಿ ಮೊಬೈಲಿಗೆ ಅವನ ಧ್ವನಿಸಂದೇಶ ಬಂತು. ಒತ್ತಿದೆ. "ರಾಯರೇ, ಚಳಿಗಾಲ ಬಂತು. ಪ್ಲಗ್ ಹಾಕಿದ್ರಾ?" ಎಂದಿತು. ಗಾಯಕ್ಕೆ ಉಪ್ಪು ಸವರುವ ಕುಹಕವೆಂದು ನಿಶ್ಚಯಿಸಿ, ಅಷ್ಟಕ್ಕೇ ನಿಲ್ಲಿಸಿ, ದಿನಾಂಕ ಬರೆದುಕೊಂಡೆ. ಮರುವರ್ಷವೂ ಬಂತು, ಮೊದಲ ವಾಕ್ಯ ಅದೇ ಆಗಿತ್ತು, ನಿಲ್ಲಿಸಿ ದಾಖಲಿಸಿದೆ. ಮೂರನೆಯ ಚಳಿಗಾಲದಲ್ಲೂ ಹಾಗೆಯೇ. ನಾಲ್ಕನೆಯ ಚಳಿಗಾಲ, ಎಂದರೆ ಈಗಿನದು, ಬಂದು ಅರ್ಧ ಕಳೆದರೂ ಸಂದೇಶ ಬರಲಿಲ್ಲ. ಬಾರದಿರುವುದನ್ನೂ ನಾನು ಅಪಮಾನವೆಂದೇ ದಾಖಲಿಸಿದೆನೆಂದರೆ ನನ್ನ ಪದ್ಧತಿಯ ಸಮಗ್ರತೆ ತಮಗೆ ಮನವರಿಕೆಯಾದೀತು.

ಈ ನಡುವೆ ವಾಹನದ ವಾರ್ಷಿಕ ತಪಾಸಣೆಯ ದಿನ ಇಸ್ಮಾಯಿಲ್ ಹಾಕಿದ್ದ ಕ್ಲಿಪ್ ಮುರಿದು, ಬಾಲ ಪರೀಕ್ಷಕನ ಕಣ್ಣಿಗೆ ಬಿತ್ತು. ಇದು ಮೂಲ ಸಾಧನವೆಂದು ಗ್ಯಾರೇಜಿನಿಂದ ಪತ್ರ ತರಬೇಕು, ಇಲ್ಲವೇ ತೆಗೆಸಬೇಕು ಎಂದು ಹದಿನೈದು ದಿನಗಳ ಗಡುವು ಕೊಟ್ಟ. ನಾನು ಮನಸ್ಸಿನಲ್ಲಿ ಆ ಪರೀಕ್ಷಕನಿಗೆ ಕೃತಜ್ಞನಾದೆ. ಪತ್ರದ ನೆಪ ಸಿಕ್ಕಿತ್ತು. ಸ್ನೇಹಕ್ಕಾಗಿ ಹೋಗುತ್ತಿಲ್ಲ, ಕೇವಲ ಅಧಿಕೃತ ವ್ಯವಹಾರಕ್ಕಾಗಿ ಹೋಗುತ್ತಿದ್ದೇನೆಂದು ದಾರಿಯುದ್ದಕ್ಕೂ ನನಗೆ ನಾನೇ ಸ್ಪಷ್ಟೀಕರಣ ಕೊಟ್ಟುಕೊಂಡೆ. ಕ್ಷಮಿಸುವ ವಾಕ್ಯವೊಂದನ್ನೂ ಸಿದ್ಧಪಡಿಸಿಕೊಂಡಿದ್ದೆ. ಅದು ದೀರ್ಘವಾಗಿತ್ತು, ವ್ಯಾಕರಣಶುದ್ಧವಾಗಿತ್ತು.

ಗ್ಯಾರೇಜಿನ ಮೇಲೆ ಬೇರೊಬ್ಬರ ಹೆಸರಿನ ಫಲಕವಿತ್ತು. ಪಕ್ಕದ ಚಹಾದಂಗಡಿಯ ಕಾಸರಗೋಡಿನವನು ನನ್ನನ್ನೂ ಕಾರನ್ನೂ ಒಮ್ಮೆ ನೋಡಿ, "ಓ, ನೀವಾ ಬಾಲದ ರಾಯರು?" ಎಂದ. ಈ ಸಲ ನನಗೆ ಸಿಟ್ಟು ಬರುವಷ್ಟರಲ್ಲಿ ಅವನು ಮುಂದುವರಿಸಿದ. "ಇಸ್ಮಾಯಿಲಾಕ ಬಿದ್ದು ಹತ್ತು ತಿಂಗಳಾಯ್ತು. ಸ್ಟ್ರೋಕು. ಬಲಬದಿ ಇಲ್ಲ, ಮಾತೂ ಇಲ್ಲ. ತಮ್ಮ ಬಂದು ಊರಿಗೆ ಕರ್ಕೊಂಡು ಹೋದ್ರು. ಬೀಳುವ ಮೊದಲು ಎರಡು ತಿಂಗಳು ದಿನಾ ಇಲ್ಲಿ ಕೂತು ರೋಡು ನೋಡ್ತಿದ್ರು. ಡಾಕ್ಟ್ರ ಹತ್ರ ಹೋಗಿ ಅಂದ್ರೆ, ರಾಯರು ಬರ್ತಾರೆ, ಅವರಿಗೆ ಇಂಗ್ಲಿಷ್ ಬರ್ತದೆ, ಮತ್ತೆ ಹೋಗುವಾ ಅಂತಿದ್ರು."

ನಾನು ಕಾರಿನೊಳಗೆ ಕುಳಿತು ಮೊಬೈಲ್ ತೆಗೆದೆ. ಮೂರೂ ಸಂದೇಶಗಳು ಹಾಗೆಯೇ ಇದ್ದವು. ನಾನು ದಾಖಲಿಸುವವನು, ಅಳಿಸುವವನಲ್ಲ. ಮೊದಲನೆಯದನ್ನು ಪೂರ್ತಿ ಕೇಳಿದೆ, ಅದು ಕ್ಷಮೆಯಾಚನೆಯಾಗಿತ್ತು. ಎರಡನೆಯದೂ ಕ್ಷಮೆಯಾಚನೆಯೇ, ನಡುವೆ ಒಂದು ಹಳೆಯ ಕರಾಮದ ತಮಾಷೆ. ಮೂರನೆಯದು:

"ರಾಯರೇ, ಚಳಿಗಾಲ ಬಂತು. ಪ್ಲಗ್ ಹಾಕಿದ್ರಾ? ಸಿಟ್ಟು ಬಿಡಿ ಮಾರಾಯ್ರೆ, ಎಷ್ಟು ವರ್ಷ? ಒಂದು ವಿಷಯ ಉಂಟು. ಬಲಗೈ ಯಾಕೋ ಮರಗಟ್ಟುತ್ತದೆ, ಸ್ಪಾನರ್ ಹಿಡಿದ್ರೆ ಬಿದ್ದೇ ಹೋಗ್ತದೆ. ಡಾಕ್ಟ್ರು ಹೇಳಿದ್ದು ನನಗೆ ಅರ್ಥ ಆಗುವುದಿಲ್ಲ, ಒಬ್ಬನೇ ಹೋಗ್ಲಿಕ್ಕೆ ಹೆದರಿಕೆ. ನೀವು ಬಂದ್ರೆ ಒಟ್ಟಿಗೆ ಹೋಗುವಾ. ಅವಸರ ಇಲ್ಲ. ಪುರ್ಸೊತ್ತಾದಾಗ ಬನ್ನಿ."

ಇನ್ನೊಂದು ವಿಷಯವನ್ನು ಇಲ್ಲಿ ಮರೆಮಾಚದೆ ಬರೆಯಬೇಕು. ಧ್ವನಿಸಂದೇಶದ ಮೊದಲ ಕ್ಷಣವನ್ನು ಕೇಳಿದರೂ ಸಾಕು, ಕಳಿಸಿದವರ ಮೊಬೈಲಿನಲ್ಲಿ ಗುರುತು ನೀಲಿಯಾಗುತ್ತದೆ, ಕೇಳಿದ್ದಾಯಿತೆಂದು. ನಾನು ಒಂದು ವಾಕ್ಯಕ್ಕೆ ನಿಲ್ಲಿಸಿದ್ದು ಅವನಿಗೆ ತಿಳಿಯುವಂತಿರಲಿಲ್ಲ. ಅವನ ಪಾಲಿಗೆ ನಾನು ಎಲ್ಲವನ್ನೂ ಕೇಳಿದ್ದೆ, ಕೈ ಮರಗಟ್ಟುವುದನ್ನು ಕೇಳಿದ್ದೆ, ಹೆದರಿಕೆಯನ್ನೂ ಕೇಳಿದ್ದೆ, ಕೇಳಿಯೂ ಬಂದಿರಲಿಲ್ಲ. ಆದರೂ ಅವನು ರಸ್ತೆ ನೋಡುತ್ತ ಕುಳಿತಿದ್ದ. ನನ್ನ ನೀಲಿ ಪುಸ್ತಕದ ಅಷ್ಟೂ ಪುಟಗಳಲ್ಲಿ ಇದಕ್ಕೆ ಸಮನಾದ ತಿರಸ್ಕಾರ ಒಂದೂ ಇಲ್ಲ. ಅದನ್ನು ಎಸಗಿದವನು ನಾನಾದ್ದರಿಂದ, ಪುಸ್ತಕದ ನಿಯಮದಂತೆ, ಅದಕ್ಕೆ ಅಲ್ಲಿ ಜಾಗವೂ ಇಲ್ಲ.

ಬಂದ ದಾರಿಯಲ್ಲೇ ಹಿಂದಿರುಗಿದೆ. ಕೀಲಿ ತಿರುಗಿಸಿದೊಡನೆ ಎಂಜಿನ್ ಹೊರಟಿತು. ಈ ದೇಶದ ದೊಡ್ಡ ಮೋಸ ಇದೇ ಎಂದು ನನಗೆ ಅಂದು ತೋರಿತು. ಇಲ್ಲಿ ವಾರಗಟ್ಟಲೆ ನಿಲ್ಲಿಸಿದ ಎಂಜಿನ್ನೂ ಕೀಲಿ ತಿರುಗಿಸಿದರೆ ಹೊರಡುತ್ತದೆ. ಶೀತದೇಶದವನಿಗೆ ಪ್ರತಿ ಬೆಳಗ್ಗೆ ಪಾಠವಾಗುತ್ತದೆ: ನಿನ್ನೆ ಬೆಚ್ಚಗಿಡದಿದ್ದದ್ದು ಇಂದು ನಿನ್ನದಲ್ಲ ಎಂದು. ನಾನಾದರೋ ಮೂವತ್ತೊಂದು ವರ್ಷ ಈ ಸೆಖೆಯಲ್ಲಿ ಬಾಳಿ, ಯಾವುದೂ ತಣ್ಣಗಾಗುವುದೇ ಇಲ್ಲವೆಂದು ನಂಬಿ, ಇಪ್ಪತ್ತು ವರ್ಷದ ಬಳಿಕ ಕೀಲಿ ತಿರುಗಿಸಿದರೂ ಇಸ್ಮಾಯಿಲ್ "ಬನ್ನಿ ರಾಯರೇ" ಎಂದೇ ಎನ್ನುವನೆಂದು ಎಣಿಸಿದ್ದೆ. ವರ್ಷಕ್ಕೊಮ್ಮೆ ಅವನೇ ಬಂದು ಪ್ಲಗ್ ಚುಚ್ಚಿ ಹೋಗುತ್ತಿದ್ದುದು ನನಗೆ ಗೊತ್ತಾಗಲಿಲ್ಲ.

ಅವನಿಗೆ ಉತ್ತರ ಕಳಿಸಬೇಕಿತ್ತು. ಸಿದ್ಧಪಡಿಸಿಕೊಂಡಿದ್ದ ವಾಕ್ಯ ಈಗ ಬಾಯಿಗೆ ಬರಲಿಲ್ಲ. ಅವನು ಮೂರು ಚಳಿಗಾಲ ಕೇಳಿದ್ದು ಒಂದೇ ಪ್ರಶ್ನೆ, ಅದಕ್ಕೆ ಉತ್ತರ ಒಂದೇ ಪದ. ಆದರೆ ಹಾಕದೆ ಹಾಕಿದೆನೆನ್ನುವುದು ಸುಳ್ಳಾಗುತ್ತದೆ, ಅವನಿಗೆ ಇನ್ನು ಸುಳ್ಳನ್ನೂ ಹೇಳುವುದು ನನ್ನಿಂದಾಗಲಿಲ್ಲ. ಆದ್ದರಿಂದ ಮರುದಿನ ಬೆಳಗ್ಗೆ, ಶ್ರೀಮತಿಯ ಪ್ರಯಾಣದ ಪೆಟ್ಟಿಗೆಯಿಂದ ಅಡಾಪ್ಟರೊಂದನ್ನು ತೆಗೆದುಕೊಂಡು ನೆಲಮಾಳಿಗೆಗಿಳಿದೆ. ಅವನ ಎಚ್ಚರಿಕೆಯನ್ನು ಮರೆತಿದ್ದೆನೆಂದು ಬರೆದರೆ ಅದೂ ಸುಳ್ಳೇ. ನೆನಪಿತ್ತು. ಜಾಲರಿಯೊಳಗಿನ ತಂತಿಯೂ ಹೊರಬರುವಂತೆ ಬಾಲವನ್ನು ಎಳೆದು, ಕಂಬದ ಸಾಕೆಟ್ಟಿಗೆ ಚುಚ್ಚಿ, ಸ್ವಿಚ್ ಒತ್ತಿದೆ.

ಎಂಜಿನ್ನಿನ ಹೊಟ್ಟೆಯಲ್ಲಿ ಚಟ್ಟನೆ ಸದ್ದಾಯಿತು. ಸುಟ್ಟ ವಾಸನೆ ಬಂತು. ನೆಲಮಾಳಿಗೆಯ ಅರ್ಧ ದೀಪಗಳು ಆರಿದವು. ಐದು ವರ್ಷ ಒಂದು ಕಣ ವಿದ್ಯುತ್ತನ್ನೂ ಕಾಣದೆ ಕಾದಿದ್ದ ಆ ಬಡಪಾಯಿ ಸಾಧನಕ್ಕೆ ನಾನು ಕೊಟ್ಟದ್ದು ಕಟ್ಟಕಡೆಗೆ, ಅದೂ ಅದು ತಾಳಲಾರದಷ್ಟು. ಆ ಅರೆಗತ್ತಲಲ್ಲಿ ಮೊಬೈಲ್ ಹಿಡಿದು ಹೇಳಿದೆ: "ಇಸ್ಮಾಯಿಲ್, ಪ್ಲಗ್ ಹಾಕಿದೆ."

ಮೇಲ್ವಿಚಾರಕ ಟಾರ್ಚು ಹಿಡಿದು ಓಡಿಬಂದ. ಸಾಕೆಟ್ಟಿನಲ್ಲಿದ್ದ ಪ್ಲಗ್ಗನ್ನೂ ನನ್ನನ್ನೂ ನೋಡಿ, ಐದು ವರ್ಷಗಳ ತಪಸ್ಸು ಫಲಿಸಿದವನಂತೆ, "ಕೊನೆಗೂ ಸಿಕ್ಕಿಬಿದ್ದಿರಲ್ಲ ಸಾಬ್!" ಎಂದ. ಮಧ್ಯಾಹ್ನ ನಾಲ್ಕನೆಯ ನೋಟೀಸು ಬಂತು. 'ನಿವಾಸಿಯ ಹೇಳಿಕೆ' ಎಂಬಲ್ಲಿನ ನಾಲ್ಕು ಸಾಲುಗಳನ್ನು ಖಾಲಿ ಬಿಟ್ಟು ಸಹಿ ಮಾಡಿ ಹಿಂದಿರುಗಿಸಿದೆ. ಅವನು ಹಾಳೆಯನ್ನು ಮಗುಚಿ ನೋಡಿ, "ಇಷ್ಟೇನಾ?" ಎಂದ, ಧ್ವನಿಯಲ್ಲಿ ನಿರಾಶೆಯಿತ್ತು.

ಸಂಜೆಗೆ ನನ್ನ ಸಂದೇಶದ ಗುರುತು ನೀಲಿಯಾಯಿತು. ಒತ್ತಿದವನು ಅವನೋ ಅವನ ತಮ್ಮನೋ, ಕೇಳಿದ್ದು ಅರ್ಥವಾಯಿತೋ ಇಲ್ಲವೋ, ತಿಳಿಯುವ ಉಪಾಯವಿಲ್ಲ. ನೀಲಿ ಗುರುತಿನ ಬೆಲೆ ಎಷ್ಟೆಂಬುದು ನನಗಿಂತ ಚೆನ್ನಾಗಿ ಬಲ್ಲವರಾರು?

ನನ್ನ ಕಾರಿಗೆ ಈಗಲೂ ಬಾಲವಿದೆ, ಮುಂದೆಯೇ ಇದೆ. ಅದರ ಇನ್ನೊಂದು ತುದಿಯಲ್ಲಿ ಈಗ ಏನೂ ಇಲ್ಲ. ತಪಾಸಣೆಯ ಗಡುವಿಗೆ ಇನ್ನು ಹನ್ನೊಂದು ದಿನ, ಅಷ್ಟರೊಳಗೆ ಕತ್ತರಿಸಲೇಬೇಕು. ಕತ್ತರಿಯನ್ನು ಶ್ರೀಮತಿ ನಿನ್ನೆಯೇ ಹುಡುಕಿ ಮೇಜಿನ ಮೇಲಿಟ್ಟಿದ್ದಾಳೆ.