ಗೌರವ್ವನ ಮೂರನೇ ನಂಬರು

ಐದು ವರ್ಷದ ಹಿಂದೆ ನಾನು ಬಾಗಲಕೋಟೆಯ ಒಂದು ಸ್ಕ್ಯಾನಿಂಗ್ ಕೇಂದ್ರದಲ್ಲಿ ಅಟೆಂಡರ್ ಆಗಿದ್ದೆ. ನಿವೃತ್ತಿಗೆ ಒಂದು ವರ್ಷ ಉಳಿದಿತ್ತು. ಕಲಿತದ್ದು ಐದನೇ ಇಯತ್ತೆ. ರೋಗಿಗಳನ್ನು ಸಿ.ಟಿ. ಯಂತ್ರದ ಮೇಲೆ ಮಲಗಿಸುವುದು, ಎಬ್ಬಿಸುವುದು, ರಿಪೋರ್ಟಿನ ಲಕೋಟೆ ಕೊಡುವುದು ನನ್ನ ಕೆಲಸ. ನಿಂತು ನಿಂತು ಮೊಣಕಾಲು ಸವೆದಿದ್ದವು. ಸಂಜೆಯಾದರೆ ಯಾರು ಏನು ಕೇಳಿದರೂ ಏನೋ ಒಂದು ಹೇಳಿ ಮುಗಿಸುವ ಚಟ ಹತ್ತಿತ್ತು.

ಅಂಥ ಒಂದು ಸಂಜೆ ಇಳಕಲ್ಲಿನಲ್ಲಿ ಸೀರೆ ನೇಯುವ ಗೌರವ್ವನ ರಿಪೋರ್ಟ್ ಬಂತು. ಹಳೆಯ ಹೆಪಟೈಟಿಸ್-ಬಿ ಸೋಂಕಿನಿಂದ ಆಕೆಯ ಲಿವರ್ ಗಟ್ಟಿಯಾಗಿತ್ತು. ಅದರಲ್ಲೊಂದು ಸಣ್ಣ ಗಂಟು ಕಂಡಿತ್ತು. ಮಗ ಬಸವರಾಜ ಕೊನೆಯ ಸಾಲಿನ ‘ಎಲ್‌ಆರ್-3’ ಮೇಲೆ ಬೆರಳಿಟ್ಟ.

“ಕಾಕಾ, ಇದೇನ್ರಿ ಮೂರು?”

ನನ್ನ ಅಣ್ಣ ಮೂರನೇ ಸ್ಟೇಜಿನ ಕ್ಯಾನ್ಸರಿನಲ್ಲೇ ಹೋಗಿದ್ದ. “ಮೂರನೇ ಸ್ಟೇಜ್ ಕಾಣತೈತಿ ತಮ್ಮಾ. ಕೇಳಿದ್ದು ಉಣ್ಣಾಕ ಹಾಕ್ರಿ,” ಎಂದುಬಿಟ್ಟೆ. ತಾಯಿ-ಮಗ ಸ್ಕ್ಯಾನಿಂಗಿಗೆ ಕಳಿಸಿದ್ದ ಲಿವರ್ ಡಾಕ್ಟರ ಹತ್ತಿರ ಹೋಗಲೇ ಇಲ್ಲ. ನೆಟ್ಟಗೆ ಬಸ್ ಹತ್ತಿದರು.

ಹತ್ತು ದಿನದ ಮೇಲೆ, ರಿಪೋರ್ಟ್ ಬರೆದ ರೇಡಿಯಾಲಜಿ ಮೇಡಂ, ಗೌರವ್ವ ಲಿವರ್ ಡಾಕ್ಟರ ಹತ್ತಿರ ಯಾಕೆ ಹೋಗಿಲ್ಲ ಎಂದು ಕೇಳಿದರು. ನಾನು ಹೇಳಿದ್ದನ್ನು ಹೇಳಿದೆ. ಅವರು ಪೆನ್ನು ಕೆಳಗಿಟ್ಟರು. ಬೈಯಲಿಲ್ಲ. ‘ಎಲ್‌ಆರ್’ ಎಂದರೆ ಲೈ-ರಾಡ್ಸ್, ಅದು ಲಿವರ್ ಗಂಟುಗಳನ್ನು ನಂಬರು ಕೊಟ್ಟು ವಿಂಗಡಿಸುವ ಪದ್ಧತಿ, ಕ್ಯಾನ್ಸರಿನ ಹಂತವಲ್ಲ ಎಂದು ತಿಳಿಸಿದರು. ಒಂದು ಎಂದರೆ ಖಂಡಿತ ನಿರಪಾಯ; ಐದು ಎಂದರೆ ಖಂಡಿತ ಲಿವರ್ ಕ್ಯಾನ್ಸರ್.

“ಮೂರು ಅಂದ್ರ ಹೌದು ಅನ್ನಾಕೂ ಬರಂಗಿಲ್ಲ, ಅಲ್ಲ ಅನ್ನಾಕೂ ಬರಂಗಿಲ್ಲ. ಮೂರರಿಂದ ಆರು ತಿಂಗಳದಾಗ ಮತ್ತ ನೋಡಬೇಕು. ನಾ ಫೋನ್ ಮಾಡ್ಲೇನು?”

“ಬ್ಯಾಡ್ರಿ. ನಾನ ಹೋಗ್ತೇನಿ.”

ವಿಳಾಸ ಬರೆದುಕೊಂಡು, ಕಮತಗಿ, ಹುನಗುಂದ ದಾಟುವವರೆಗೂ ಇಳಕಲ್ಲಿನ ಬಸ್ಸಿನಲ್ಲಿ ನಿಂತೇ ಹೋದೆ. ಗೌರವ್ವ ಮಗ್ಗದ ಮುಂದೆ ಕುಳಿತು, ಸೆರಗಿನ ಎಳೆಯನ್ನು ಒಡಲಿನ ಎಳೆಗೆ ಸೇರಿಸುವ ಕೊಂಡಿಯನ್ನು ಸೊಸೆಗೆ ಕಲಿಸುತ್ತಿದ್ದಳು.

“ಸಾಯೋಕಿಗೆ ಲಿವರ್ ಗುಳಿಗಿ ಯಾಕಂತ ಬಿಟ್ಟೇನ್ರಿ. ಇಕಿಗೆ ಕೊಂಡಿ ಬಂದ್ರ ಸಾಕು. ಕೈ ನೋಡ್ರಿ ಇಕೀದು, ಎಮ್ಮಿ ಕಾಲು.”

ನಾನು ಕೂರಲಿಲ್ಲ. “ಅವ್ವಾ, ನಾ ತಪ್ಪು ಹೇಳೇನಿ. ಅದು ಸ್ಟೇಜ್ ಅಲ್ಲ. ಗಂಟು ಎಂಥಾದ್ದಂತ ಇನ್ನೂ ಯಾರಿಗೂ ಗೊತ್ತಿಲ್ಲ.”

“ಹತ್ತು ದಿನ ನಾವು ನೆಟ್ಟಗ ಉಂಡಿಲ್ಲ ಕಾಕಾ,” ಎಂದ ಬಸವರಾಜ.

ಗೌರವ್ವ ಮಗ್ಗದಿಂದ ನನ್ನ ಕಡೆ ತಿರುಗಿದಳು. “ಬಣ್ಣದಾಗಿಂದ ತಗದ ಹಸಿ ನೂಲು ನೋಡಿ ನಾವು ಇದು ಚಲೋ, ಇದು ಕೆಟ್ಟೈತಿ ಅನ್ನಂಗಿಲ್ಲ. ಒಣಗಲಿ ಅಂತೇವಿ. ನಿಮ್ಮ ದವಾಖಾನ್ಯಾಗ ಇಷ್ಟು ತಿಳಿಯಂಗಿಲ್ಲೇನು?” ಎಂದವಳೇ ಸೊಸೆಯಿಂದ ನೀರು ತರಿಸಿ ಗುಳಿಗೆ ನುಂಗಿದಳು.

ಮೂರು ತಿಂಗಳಿಗೆ ಬಂದಳು. ಗಂಟು ಬೆಳೆದಿರಲಿಲ್ಲ, ಹೋಗಿರಲೂ ಇಲ್ಲ. ನಂಬರು ಮೂರೇ. ಆಮೇಲೂ ಬಂದಾಗಲೆಲ್ಲ ಯಂತ್ರದ ಮೇಜಿನಿಂದ ಇಳಿಯುತ್ತ, “ಒಣಗೇತೇನ್ರಿ?” ಎನ್ನುತ್ತಿದ್ದಳು. “ಇನ್ನೂ ಇಲ್ಲವ್ವಾ,” ಎನ್ನುತ್ತಿದ್ದೆ. ಗೊತ್ತಿಲ್ಲ ಎನ್ನುವುದೂ ಒಂದು ರಿಪೋರ್ಟ್ ಎಂಬುದನ್ನು ಆ ಕೆಲಸ ಕಲಿಸಿತು. ದಣಿದವನಿಗೆ ಆ ಮಾತೇ ಎಲ್ಲಕ್ಕಿಂತ ಭಾರ.

ಈಗ ನನ್ನ ತೊಡೆಯ ಮೇಲೆ ಇಪ್ಪತ್ತೆರಡು ದಿನದ ಮೊಮ್ಮಗಳಿದ್ದಾಳೆ. ಮೊಣಕಾಲು ನೋಯುತ್ತವೆ, ಆದರೂ ಇಳಿಸಲು ಮನಸ್ಸಿಲ್ಲ. ಹೋದ ವಾರ ಗೌರವ್ವ ತೊಟ್ಟಿಲಿಗೆ ಹಾಸಲು ತಾನೇ ನೇಯ್ದ ತುಂಡು ತಂದಿದ್ದಳು. ಹಿಗ್ಗು ತಡೆಯದೆ ನಾನೇ, “ನೋಡ್ರಿ, ಥೇಟ್ ನಮ್ಮವ್ವನಂಗ ಅದಾಳ,” ಎಂದೆ.

“ಮತ್ತ ಅವಸರ ಮಾಡಿದ್ರಿ ಅಣ್ಣಾರ,” ಎಂದಳು ಗೌರವ್ವ, ಕೂಸನ್ನು ಎತ್ತಿಕೊಳ್ಳುತ್ತ. “ಒಣಗಲಿ ತಡೀರಿ.”