ಬೀಜದ ಮರ ಕೊಡದ ಚೇಚಿ

ಮಳೆಗೆ ಉಬ್ಬಿ ಮುಚ್ಚದಾಗಿದ್ದ ದೇವರ ಕೋಣೆಯ ಬಾಗಿಲಿಗೆ ಮೊನ್ನೆ ಆಚಾರಿ ಬಂದು ಹತ್ತರಿ ಹೊಡೆದ. ತೇಗದ ಸಿಪ್ಪೆ ಸುರುಳಿ ಸುರುಳಿಯಾಗಿ ನೆಲಕ್ಕೆ ಬಿತ್ತು. ಎಣ್ಣೆ ಎಣ್ಣೆಯಾದ ಆ ವಾಸನೆ ಮೂಗಿಗೆ ಬಡಿದದ್ದೇ ತಡ, ಮನಸ್ಸು ತ್ರಿಪ್ಪುಣಿತ್ತುರದ ಈ ಫ್ಲ್ಯಾಟನ್ನು ಬಿಟ್ಟು ತಿರುವನಂತಪುರಕ್ಕೆ ಹೋಯಿತು, ಪಕ್ಕದ ಮನೆಯ ಚೇಚಿಯ ಜಗಲಿಗೆ...

ಯಜಮಾನರಿಗೆ ವರ್ಗವಾಗಿ ಮೈಸೂರಿನಿಂದ ಅಲ್ಲಿಗೆ ಹೋದಾಗ ನನಗೆ ಮಲಯಾಳಂ ಬಾರದು. ಒಂದು ದಿನ ಬಟ್ಟೆ ಒಣಹಾಕುವಾಗ ಕಾಂಪೌಂಡಿನ ಆಚೆಯಿಂದ "ಏನವ್ವ, ಉಂಡ್ಯಾ?" ಎಂಬ ದನಿ. ನೋಡಿದರೆ ಖಾಕಿ ತೊಟ್ಟ ಹೆಂಗಸು, ಮುಂದೆ ನಾನು ಅಲ್ಲಿಯವರಂತೆ ಚೇಚಿ, ಅಂದರೆ ಅಕ್ಕ, ಎಂದು ಕರೆದವರು. ವಯನಾಡಿನ ಗಡಿಯಲ್ಲಿದ್ದಾಗ ಕಾಡು ಕಾಯುವವರಿಂದ ಕಲಿತ ಕನ್ನಡವಂತೆ. ಅಷ್ಟು ದೊಡ್ಡ ಅಧಿಕಾರಿ, ನನ್ನೊಡನೆ ಯಾವಾಗಲೂ ಹಾಗೆಯೇ ಮಾತಾಡಿದರು.

ಅರಣ್ಯ ಇಲಾಖೆಯಲ್ಲಿ ಅವರು ಕೆಲಸಕ್ಕೆ ಸೇರಿದಾಗ ಕಾಡಿಗಿಳಿಯುವ ಹೆಂಗಸು ಇನ್ನೊಬ್ಬರಿರಲಿಲ್ಲ. ಬೀಜಕ್ಕೆಂದು ಒಳ್ಳೆಯ ತೇಗವನ್ನು ಆರಿಸುವುದು ಅವರಿಗೆ ಸಿಕ್ಕ ಮೊದಲ ಕೆಲಸ. ಅಂಥ ಮರಕ್ಕೆ ಹಳದಿ ಪಟ್ಟೆ ಬಳಿಯುತ್ತಾರೆ. ಆಮೇಲೆ ಅದಕ್ಕೆ ಕೊಡಲಿ ಮುಟ್ಟಿಸುವಂತಿಲ್ಲ. ಇವರು ಬುಡದಲ್ಲಿ ತರಗೆಲೆಯ ಮೇಲೆ ಅಂಗಾತ ಮಲಗಿ ಮೇಲೆ ನೋಡುತ್ತಿದ್ದರಂತೆ. ಗಂಡಸರು ನಕ್ಕರಂತೆ. "ನಿಂತು ನೋಡಿದ್ರೆ ಎಲ್ಲಾ ಮರನೂ ನೆಟ್ಟಗೇ ಕಾಣ್ತದೆ ಕಣವ್ವ. ಮಲಗಿದ್ರೇನೇ ಸೊಟ್ಟ ತಿಳಿಯೋದು," ಎನ್ನುತ್ತಿದ್ದರು.

ಅವರ ನಿವೃತ್ತಿ ಹತ್ತಿರವಾದಾಗ ಇಲಾಖೆಯ ಮುಖ್ಯಸ್ಥರ ಕುರ್ಚಿ ಒಂದೇ ಬಾಕಿ ಇತ್ತು. ಹೆಂಗಸೊಬ್ಬಳು ಅಲ್ಲಿ ಕೂತದ್ದಿಲ್ಲ. ಸರದಿ ಅವರದೇ. ಅದೇ ಹೊತ್ತಿಗೆ ನಮ್ಮ ಬಡಾವಣೆಯ ದೇವಸ್ಥಾನಕ್ಕೆ ಹೊಸ ಕೊಡಿಮರ ಬೇಕಾಯಿತು. ನಾವು ಧ್ವಜಸ್ತಂಭ ಎನ್ನುತ್ತೇವಲ್ಲ, ಅದು. ಆ ಕಡೆ ಅದಕ್ಕೆ ಗಂಟಿಲ್ಲದ, ಬಾಗದ ಒಂದೇ ತೇಗ ಆಗಬೇಕು. ಕಡಿದಾಗ ನೆಲಕ್ಕೆ ತಾಗದಂತೆ ಭಕ್ತರು ಹೆಗಲ ಮೇಲೆ ಹೊತ್ತು ತರುತ್ತಾರೆ. ಸಮಿತಿಯವರು ಕಾಡೆಲ್ಲ ಸುತ್ತಿ ಮೆಚ್ಚಿದ್ದು ಯಾವುದನ್ನು? ಚೇಚಿ ಕೆಲಸಕ್ಕೆ ಸೇರಿದ ಹೊಸದರಲ್ಲಿ ಆರಿಸಿದ್ದ ಮೊದಲ ಬೀಜದ ಮರವನ್ನೇ.

ಸಮಿತಿಯ ಅಧ್ಯಕ್ಷರು ಮಂತ್ರಿಗಳಿಗೆ ಬೇಕಾದವರು. ಅವರು ಜಗಲಿಗೆ ಬಂದು ಕೂತಾಗ ಚಹಾ ಕೊಟ್ಟವಳು ನಾನು.

"ದೇವರ ಕೆಲಸ, ಮೇಡಂ. ಬೀಜದ ಮರದ ಪಟ್ಟಿಯಿಂದ ಬಿಡಿಸೋಕೆ ನಿಮ್ಮ ಒಂದು ಸಹಿ ಸಾಕು," ಎಂದರು.

"ಬೇರೆ ಹತ್ತು ಮರ ತೋರಿಸ್ತೀನಿ. ಇದು ತಾಯಿಮರ, ಆಗಲ್ಲ."

ಅಧ್ಯಕ್ಷರು ಎದ್ದು ಚಪ್ಪಲಿ ಮೆಟ್ಟುತ್ತಾ, "ಮಕ್ಕಳಿಲ್ಲದವರಿಗೆ ಮರವೇ ಮಗು," ಎಂದರು.

"ಹೌದು ಸಾರ್. ಫೀಸು ಕಟ್ಟೋ ತಾಪತ್ರಯ ಇಲ್ಲ," ಎಂದು ಚೇಚಿ ನಕ್ಕರು. ಅಧ್ಯಕ್ಷರು ಹೋದ ಮೇಲೆ ಅವರು ಕುಡಿದ ಲೋಟವನ್ನು ತಾವೇ ತೊಳೆದಿಟ್ಟರು.

ನನಗೂ ಆ ಸ್ತಂಭ ಎದ್ದು ನಿಲ್ಲುವುದನ್ನು ನೋಡುವ ಆಸೆ. "ಒಂದು ಮರ ತಾನೇ, ಸಹಿ ಹಾಕಿಬಿಡಿ ಚೇಚಿ. ಕುರ್ಚಿಯೂ ಸಿಗುತ್ತೆ," ಎಂದೆ.

"ಆ ಕುರ್ಚಿನೂ ತೇಗದ್ದೇ ಕಣವ್ವ," ಎಂದರು. ಅಷ್ಟೇ.

ಕುರ್ಚಿ ಕಿರಿಯರೊಬ್ಬರಿಗೆ ಹೋಯಿತು. ಚೇಚಿಯನ್ನು ಊರಿನಲ್ಲೇ ಯಾವುದೋ ಕಚೇರಿಯ ಕೋಣೆಗೆ ಹಾಕಿದರು. ಅಲ್ಲಿ ಕೆಲಸವೇ ಇರಲಿಲ್ಲ. ಬೆಳಗ್ಗೆ ಹೋಗುವರು, ಸಂಜೆ ಬರುವರು. ಕಾಡು ಅಲೆದು ಬಂದಾಗಲೂ ಕಾಣದ ದಣಿವು ಆಗ ಮುಖದಲ್ಲಿ ಕಂಡಿತು... ದೇವಸ್ಥಾನಕ್ಕೆ ಬೇರೆಲ್ಲಿಂದಲೋ ಮರ ಬಂತು. ಅದನ್ನು ತಿಂಗಳುಗಟ್ಟಲೆ ಎಣ್ಣೆಯಲ್ಲಿ ಮುಳುಗಿಸಿ ಇಟ್ಟಿದ್ದಾಗ ಎಲ್ಲರಂತೆ ಚೇಚಿಯೂ ಎಳ್ಳೆಣ್ಣೆ ತಂದರು. ಸಾಲಿನಲ್ಲಿ ಯಾರೂ ಮಾತಾಡಿಸಲಿಲ್ಲ. ಎಣ್ಣೆ ಸುರಿದು, ದಿಮ್ಮಿಯನ್ನು ಒಮ್ಮೆ ಸವರಿ, ಕೈ ಮುಗಿದು ಹೊರಟರು.

ಹೋದ ತಿಂಗಳು ಅವರು ತೀರಿಕೊಂಡರಂತೆ. ಅಲ್ಲಿನ ಹಳೆಯ ನೆರೆಯವರು ಫೋನು ಮಾಡಿ ಹೇಳಿದರು. ಈ ಮಂಡಿ ಇಟ್ಟುಕೊಂಡು ರೈಲು ಹತ್ತಿ ಹೋಗಲು ನನ್ನಿಂದಾಗಲಿಲ್ಲ. ದೇವರು ಮಾಡಿದ ಉಪಕಾರಗಳನ್ನು ಎಣಿಸುವುದು ನನ್ನ ಅಭ್ಯಾಸ. ಹಾಸಿಗೆ ಹಿಡಿಯದೆ ಹೋದರು, ಅದೊಂದು. ಮಣ್ಣಿಗೆ ಬಂದಿದ್ದ ಇಲಾಖೆಯ ಹುಡುಗಿಯರು, ಆ ತೇಗ ಇನ್ನೂ ಬೀಜ ಉದುರಿಸುತ್ತಿದೆ ಎಂದರಂತೆ, ಅದೊಂದು. ಆದರೆ ಕೆಲಸವಿಲ್ಲದ ಆ ಕೋಣೆಯಲ್ಲಿ ಚೇಚಿ ಕಳೆದ ದಿನಗಳನ್ನು ಯಾವ ಉಪಕಾರದ ಪಕ್ಕದಲ್ಲಿಡಬೇಕೋ ತಿಳಿಯಲಿಲ್ಲ. ಮೊನ್ನೆ ಆಚಾರಿ ಹೋದ ಮೇಲೆ ಸಂಜೆ ದೀಪ ಹಚ್ಚಿದೆ. ನೆಲದಲ್ಲಿ ಉಳಿದಿದ್ದ ತೇಗದ ಸುರುಳಿಯೊಂದನ್ನು ಎತ್ತಿ ದೇವರ ಮುಂದೆ ಇಟ್ಟೆ.